ಅಕ್ಕ ಉಬ್ಬಿದಳು, ತಂಗಿ ಒಣಗಿದಳು

ನನ್ನ ಅವ್ವ ತನ್ನ ಒಡಹುಟ್ಟಿದ ತಂಗಿಯ ಮಾಂಸ ತಿನ್ನುತ್ತಿದ್ದಾಳೆ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಕಾಲುವೆಯ ದಂಡೆಯ ಮೇಲೆ. ಆಗ ನಾನು ಐದನೇ ತರಗತಿಯಲ್ಲಿದ್ದೆ. ಬಟ್ಟೆ ಒಗೆಯಲು ಹೋಗಿದ್ದೆ. ಜಾಲಿಗಿಡದ ಆಚೆ ಬದಿ ನಮ್ಮೂರಿನ ಇಬ್ಬರು ಹೆಂಗಸರು ಕೌದಿ ಒಗೆಯುತ್ತಿದ್ದರು. ನಾನು ಅವರಿಗೆ ಕಾಣುತ್ತಿರಲಿಲ್ಲ.

"ಅಕ್ಕ ನೋಡಿದ್ರ ದಿನಾ ಉಬ್ಬಾಕತ್ಯಾಳ, ತಂಗಿ ನೋಡಿದ್ರ ದಿನಾ ಒಣಗಾಕತ್ಯಾಳ. ಇದರಾಗ ತಿಳಿಲಾರದ್ದು ಏನೈತಿ?"

"ಯಾರ ಕಡಿಂದ ಮಾಟ ಮಾಡಿಸ್ಯಾಳೋ ಏನೋ. ಒಂದ ಹೊಟ್ಟ್ಯಾಗ ಹುಟ್ಟಿದಾಕಿ ಮಾಂಸ, ಹ್ಯಾಂಗ ಗಂಟಲಾಗ ಇಳೀತೈತವ್ವ ಈಕಿಗೆ?"

ಯಾರ ಬಗ್ಗೆ ಹೇಳುತ್ತಿದ್ದಾರೆಂದು ತಿಳಿಯಲು ಹೆಸರು ಬೇಕಿರಲಿಲ್ಲ. ನಮ್ಮೂರಲ್ಲಿ ಹಾಗೆ ಉಬ್ಬುತ್ತಿದ್ದವಳು ನನ್ನ ಅವ್ವ ಒಬ್ಬಳೇ. ಒದ್ದೆ ಬಟ್ಟೆಯನ್ನು ಹಿಂಡದೆ ಬುಟ್ಟಿಗೆ ತುಂಬಿಕೊಂಡು ಮನೆಗೆ ಬಂದೆ. ಅವ್ವ ಒಲೆಯ ಮುಂದೆ ಕೂತಿದ್ದಳು. ಬೇಸಿಗೆಯ ನಡುಮಧ್ಯಾಹ್ನ. ಆದರೂ ಸೆರಗನ್ನು ಮೈತುಂಬ ಹೊದ್ದು, ಅಂಗೈಗಳನ್ನು ಬೆಂಕಿಗೆ ಒಡ್ಡಿದ್ದಳು.

ಅಂದಿನಿಂದ ಅವಳು ಏನು ತಿನ್ನುತ್ತಾಳೆಂದು ಕದ್ದು ನೋಡತೊಡಗಿದೆ. ಒಂದು ರೊಟ್ಟಿ, ಒಂದಿಷ್ಟು ಪುಂಡಿಪಲ್ಯ, ಮೇಲೆ ಮಜ್ಜಿಗೆ. ಅಷ್ಟನ್ನೂ ಮುಗಿಸದೆ ಏಳುತ್ತಿದ್ದಳು. ನಮ್ಮದು ತತ್ತಿ ಕೂಡ ಒಳಗೆ ಬರದ ಮನೆ. ಆದರೂ ಅವಳ ಮುಖ ತುಂಬಿಕೊಳ್ಳುತ್ತಿತ್ತು, ರೆಪ್ಪೆಗಳು ಬಾತುಕೊಂಡಿದ್ದವು, ಬಳೆಗಳನ್ನು ಸಾಬೂನು ಹಚ್ಚಿ ತೆಗೆಯಬೇಕಾಗುತ್ತಿತ್ತು. ಈ ಮೈ ಎಲ್ಲಿಂದ ಬರುತ್ತಿದೆ? ಹೆಂಗಸರ ಮಾತು ಸುಳ್ಳೆಂದು ಗೊತ್ತಿದ್ದರೂ ನನ್ನ ಬಳಿ ಬೇರೆ ಉತ್ತರವಿರಲಿಲ್ಲ.

ನಮ್ಮೂರು ಸುರಪುರ ತಾಲ್ಲೂಕಿನದು, ಕಾಲುವೆಯ ಕೆಳಗಿನ ಊರು. ನೀರು ಬಂದು ಆಗಿನ್ನೂ ಬಹಳ ವರ್ಷಗಳಾಗಿರಲಿಲ್ಲ. ಜೋಳ, ಶೇಂಗಾ ಬೆಳೆಯುತ್ತಿದ್ದ ಹೊಲಗಳಲ್ಲಿ ಭತ್ತದ ಮಡಿಗಳು ಎದ್ದಿದ್ದವು. ಕೂಲಿಗೆಂದು ದೂರದ ಊರುಗಳಿಗೆ ಹೋಗುತ್ತಿದ್ದವರು ಊರಲ್ಲೇ ಉಳಿದಿದ್ದರು. ಹೆಂಗಸರಿಗೆ ನಾಟಿ ಹಚ್ಚುವ ಕೆಲಸ ಹೊಸದಾಗಿ ಬಂದಿತ್ತು, ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ನಿಲ್ಲುವ ಕೆಲಸ. ಅವ್ವ ಕೆಸರಿಗೆ ಇಳಿದರೆ ಸ್ವಲ್ಪ ಹೊತ್ತಿಗೆ ತುಟಿ ನೀಲಿಗಟ್ಟಿ ನಡುಗುತ್ತ ಬದುವಿನ ಮೇಲೆ ಬಂದು ಕೂರುತ್ತಿದ್ದಳು. ಅಪ್ಪನ ತಾಯಿ ಹೊಲದ ಆ ತುದಿಯಿಂದಲೇ ಕೂಗುತ್ತಿದ್ದಳು: "ನೋಡ್ರಿ ನಮ್ಮ ಎಮ್ಮಿ ದಂಡಿಗೆ ಬಂತು!" ನಾಟಿ ಹಚ್ಚುತ್ತಿದ್ದವರೆಲ್ಲ ನಗುತ್ತಿದ್ದರು. ಅವ್ವನ ದನಿ ಒಡೆದು ಗೊಗ್ಗರಾಗಿತ್ತು. ಒಂದು ಮಾತು ಮುಗಿಸುವಷ್ಟರಲ್ಲಿ ಎದುರಿನವರು ಹೊರಟು ಹೋಗಿರುತ್ತಿದ್ದರು.

ಅವ್ವನ ತವರು ಶಹಾಪುರದ ಹತ್ತಿರದ ಶಿರವಾಳ. ಇಬ್ಬರು ಹೆಣ್ಣುಮಕ್ಕಳು, ಒಬ್ಬ ತಮ್ಮ. ಅವ್ವನ ತಂಗಿಯನ್ನು, ಅಂದರೆ ನನ್ನ ಚಿಗವ್ವನನ್ನು, ಹುಣಸಗಿಯ ಕಡೆ ಕೊಟ್ಟಿದ್ದರು. ಆಕೆ ಅವ್ವನಿಗಿಂತ ನಾಲ್ಕಾರು ವರ್ಷ ಚಿಕ್ಕವಳು, ನಗೆಯವಳು. ರೊಟ್ಟಿ ಬಡಿಯಲು ಕೂತರೆ ಒಲೆಯ ಉರಿ ಹಿಂದೆ ಬೀಳಬೇಕು, ಅಂಥ ಕೈ. ರಜೆಯಲ್ಲಿ ಶಿರವಾಳಕ್ಕೆ ಹೋದಾಗ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಊರ ಹೊರಗಿನ ಹಳೆಯ ಗುಡಿಗಳ ನಡುವೆ ಓಡುತ್ತಿದ್ದಳು. ಅವ್ವ ಹಿಂದೆ ನಿಂತು "ಬೀಳ್ತೀರಿ, ಬೀಳ್ತೀರಿ" ಎನ್ನುತ್ತಿದ್ದಳು. ಅವರಿಬ್ಬರಿಗೂ ಒಬ್ಬರನ್ನು ಬಿಟ್ಟು ಒಬ್ಬರಿಗೆ ಆಗುತ್ತಿರಲಿಲ್ಲ.

ನಾನು ಕಾಲುವೆಯ ದಂಡೆಯಲ್ಲಿ ಆ ಮಾತು ಕೇಳುವ ಹಿಂದಿನ ವರ್ಷ ನಾಗರ ಪಂಚಮಿಗೆ ಇಬ್ಬರೂ ತವರಿಗೆ ಬಂದಿದ್ದರು. ಹುಣಸಗಿಯಿಂದ ಬಂದ ಚಿಗವ್ವನನ್ನು ನೋಡಿ ನಾನು ಅವ್ವನ ತಾಯಿ, ನಮ್ಮ ಆಯಿಯ ಹಿಂದೆ ಅಡಗಿಕೊಂಡೆ. ಆಕೆಯ ಕಣ್ಣುಗಳು ಗುಳಿಯಿಂದ ಹೊರಗೆ ಬಂದಿದ್ದವು. ಬಿಳಿ ಭಾಗ ಕರಿಯದರ ಸುತ್ತಲೂ ಕಾಣುತ್ತಿತ್ತು, ಯಾರೋ ಈಗಷ್ಟೇ ಹಿಂದಿನಿಂದ ಬಂದು ಹೆದರಿಸಿದ್ದಾರೆ ಎಂಬಂತೆ. ಕುಪ್ಪಸ ಮೈಮೇಲೆ ಜೋತಾಡುತ್ತಿತ್ತು. ಚಹಾ ಕೊಟ್ಟರೆ ಬಸಿ ಕಟಕಟ ಎಂದು ನಡುಗಿ ಅರ್ಧ ಚೆಲ್ಲಿತು. ತಟ್ಟೆ ತುಂಬ ಉಂಡಿ ತಿಂದಳು, ಮತ್ತೆ ಹಸಿವು ಎಂದಳು. ಹೊರಗೆ ಜಿಟಿಜಿಟಿ ಮಳೆ, ಎಲ್ಲರೂ ಮೈಮುದುರಿ ಕೂತಿದ್ದರೆ ಆಕೆ ಬಚ್ಚಲಿಗೆ ಹೋಗಿ ತಣ್ಣೀರನ್ನು ತಲೆಯ ಮೇಲೆ ಸುರಿದುಕೊಂಡು ಬಂದಳು.

ಆಯಿ ಮಗಳ ಎದೆಯ ಮೇಲೆ ಕೈ ಇಟ್ಟಳು. ಕೂಡಲೇ ಕೈ ತೆಗೆದಳು.

"ಯವ್ವಾ, ಎದ್ಯಾಗ ಹಿಟ್ಟಿನ ಗಿರಣಿ ಇಟ್ಟಾಂಗ ಆಗೈತೆಲ್ಲ! ಓಡಿ ಬಂದಿಯೇನ?"

"ಕುಂತಾಗೂ ಹಿಂಗ, ಮಲಗಿದಾಗೂ ಹಿಂಗ," ಚಿಗವ್ವ ಹೇಳಿದಳು. "ಕಾಲುವಿ ನೀರು ಕುಡಿಯಾಕ ಹತ್ತಿದಾಗಿಂದ ಹಿಂಗ ಆಗೈತಿ ಅಂತಾರ ನಮ್ಮ ಮನ್ಯಾಗ."

ಅದೇ ಪಡಸಾಲೆಯಲ್ಲಿ, ಕೈಯಳತೆಯ ದೂರದಲ್ಲಿ, ಅವ್ವ ಕೌದಿ ಹೊದ್ದು ಕೂತಿದ್ದಳು. ಆಯಿ ಒಬ್ಬಳನ್ನು ನೋಡಿದಳು, ಇನ್ನೊಬ್ಬಳನ್ನು ನೋಡಿದಳು. ಒಬ್ಬಳಿಗೆ ಉರಿ, ಒಬ್ಬಳಿಗೆ ಚಳಿ. ಒಬ್ಬಳಿಗೆ ನಿದ್ದೆಯೇ ಇಲ್ಲ, ಒಬ್ಬಳು ಕೂತಲ್ಲೇ ನಿದ್ದೆ. ಕಾಲುವೆಯ ನೀರನ್ನು ಇಬ್ಬರೂ ಕುಡಿಯುತ್ತಿದ್ದರು. ಆಯಿಯ ಮುಖದಲ್ಲಿ ಅಂದು ಕಂಡ ಗಾಬರಿ ನನಗೆ ಇಂದಿಗೂ ನೆನಪಿದೆ.

ಮುಂದೆ ಚಿಗವ್ವನಿಗೆ ಎರಡು ಸಲ ಬಸಿರು ನಿಂತು, ಇಳಿದುಹೋಯಿತು. ಎರಡನೆಯದು ಹೋದ ಮೇಲೆ ಗಂಡನ ಮನೆಯವರು ಆಕೆಯನ್ನು ಶಿರವಾಳಕ್ಕೆ ತಂದು ಬಿಟ್ಟರು. ಗಾಳಿ ಸೋಕಿದೆ, ಸರಿಯಾದ ಮೇಲೆ ಕಳಿಸಿರಿ ಎಂದರು. ಮತ್ತೆ ಕರೆಯಲು ಬರಲಿಲ್ಲ. ಆಯಿ ಮಗಳನ್ನು ತಿಂಥಣಿಗೆ ಕರೆದುಕೊಂಡು ಹೋಗಿ ಮೌನೇಶ್ವರನಿಗೆ ಹರಕೆ ಹೊತ್ತು ನಡೆದುಕೊಂಡಳು. ನಾನೂ ಜೊತೆಗಿದ್ದೆ. ದರ್ಶನ ಮುಗಿದ ಮೇಲೆ ಚಿಗವ್ವ ಹೊಳೆಗೆ ಇಳಿದು ಸೊಂಟಮಟ್ಟ ನೀರಿನಲ್ಲಿ ಕೂತವಳು ಎಷ್ಟು ಕರೆದರೂ ಏಳಲಿಲ್ಲ. "ಇಲ್ಲೇ ಇರ್ತೀನಿ ಬಿಡ್ರಿ, ಮೈ ತಣ್ಣಗಾಗೈತಿ," ಎಂದು ಸಣ್ಣ ಮಕ್ಕಳಂತೆ ಅಂಗಲಾಚಿದಳು.

ಅವ್ವನೇ ತಂಗಿಯ ಮೈಯನ್ನು ಹೀರಿಕೊಳ್ಳುತ್ತಿದ್ದಾಳೆ ಎಂಬ ಮಾತು ಹುಟ್ಟಿದ್ದು ಹುಣಸಗಿಯಲ್ಲೋ ನಮ್ಮೂರಲ್ಲೋ ಗೊತ್ತಿಲ್ಲ. ನಮ್ಮ ಮನೆಯ ಬಾಗಿಲಿಗೆ ಮಾತ್ರ ಅದು ಚಿಗವ್ವನ ಬಾಯಿಂದಲೇ ಬಂತು. ಒಂದು ಮಧ್ಯಾಹ್ನ ಆಕೆ ಒಬ್ಬಳೇ ಬಸ್ಸು ಹಿಡಿದು ಬಂದು ನಮ್ಮ ಅಂಗಳದಲ್ಲಿ ನಿಂತಳು. ಬೆವರಿಗೆ ಸೀರೆಯೆಲ್ಲ ಮೈಗೆ ಅಂಟಿತ್ತು.

"ಯಕ್ಕಾ, ಹೊರಗ ಬಾ!"

ಅವ್ವ ನಿಧಾನವಾಗಿ, ಬಾಗಿಲ ಚೌಕಟ್ಟು ಹಿಡಿದು ಬಂದಳು.

"ನನ್ನ ಮೈಯಾಗಿಂದು ಏನ್ ತಗೊಂಡೀದಿ? ತಿರುಗಿ ಕೊಡು. ನಿನಗ ಮಕ್ಕಳದಾವ, ಮನಿ ಐತಿ. ನನಗ ಏನೈತಿ? ಕೊಡು ಯಕ್ಕಾ!"

ಓಣಿಯ ಜನ ಕೂಡಿದರು. ಅವ್ವನ ತುಟಿ ಅಲುಗುತ್ತಿತ್ತು, ದನಿ ಹೊರಡುತ್ತಿರಲಿಲ್ಲ. ಆಗ ಅವಳಿಗೆ ಯಾವ ಮಾತಿಗೂ ಉತ್ತರ ತಡವಾಗಿಯೇ ಹೊಳೆಯುತ್ತಿತ್ತು. ಆದರೆ ಆ ಹೊತ್ತಿನಲ್ಲಿ ಆ ತಡ ನೋಡುವವರಿಗೆ ತಪ್ಪೊಪ್ಪಿಗೆಯಂತೆ ಕಂಡಿತು. "ನೋಡ್ರಿ, ಬಾಯಿ ಬರವಲ್ದು," ಎಂದರು ಯಾರೋ. ಅಪ್ಪ ಚಿಗವ್ವನನ್ನು ಸಮಾಧಾನ ಮಾಡಿ ಬಸ್‌ಸ್ಟ್ಯಾಂಡಿಗೆ ಕರೆದೊಯ್ದ. ಅವರು ಓಣಿ ದಾಟಿ ಹೋದ ಮೇಲೆ ಅವ್ವನಿಗೆ ಮಾತು ಬಂತು. ಖಾಲಿ ಅಂಗಳದ ಕಡೆ ನೋಡುತ್ತ "ನಾ ಏನೂ ತಗೊಂಡಿಲ್ಲ ತಂಗಿ" ಎಂದಳು. ಅದನ್ನು ಕೇಳಿದವಳು ನಾನೊಬ್ಬಳೇ.

ಅಲ್ಲಿಗೆ ಅಕ್ಕತಂಗಿಯರ ಮಾತು ನಿಂತಿತು. ಮಾವ, ಅಂದರೆ ಅವ್ವನ ತಮ್ಮ, ಚಿಗವ್ವನನ್ನು ಗುಲಬರ್ಗಾದ ದೊಡ್ಡ ದವಾಖಾನೆಗೆ ತೋರಿಸಿದ ಎಂದೂ ಅಲ್ಲಿ ಗಂಟಲ ಜಡ್ಡು ಎಂದು ಗುಳಿಗೆ ಕೊಟ್ಟರೆಂದೂ ಸುದ್ದಿ ಬಂತು. ಗುಳಿಗೆಯಿಂದ ಗುಣ ಕಂಡಿತು, ಗುಣ ಕಂಡ ಮೇಲೆ ನಿಲ್ಲಿಸಿದರು. ಆಯಿ ತೀರಿಕೊಂಡಾಗ ಇಬ್ಬರೂ ಹೆಣದ ಆಚೆಗೊಬ್ಬರು ಈಚೆಗೊಬ್ಬರು ಕೂತು ಅತ್ತರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ನಾನು ಓದಿ ಶಾಲಾ ಶಿಕ್ಷಕಿಯಾದೆ. ಮದುವೆಯಾಗಿ ಯಾದಗಿರಿಗೆ ಬಂದೆ. ಅಪ್ಪ ಹೋದ ಮೇಲೆ ಅವ್ವ ನನ್ನ ಜೊತೆಗೆ ಬಂದಿದ್ದಳು. ಮೂಲೆಯಲ್ಲಿ ಹೊದ್ದು ಕೂರುವ, ಹತ್ತು ಸಲ ಕರೆದರೆ ಒಮ್ಮೆ ಓ ಎನ್ನುವ ಅವ್ವ. ಅವಳ ಸ್ವಭಾವವೇ ಹಾಗೆ ಎಂದುಕೊಂಡಿದ್ದೆವು. ಹೀಗೇ ಇರುವವರು ಎಂದು ಒಮ್ಮೆ ಅಂದುಕೊಂಡರೆ ಆಮೇಲೆ ಯಾರೂ ಅವರನ್ನು ಸರಿಯಾಗಿ ನೋಡುವುದಿಲ್ಲ.

ನನ್ನ ಮಗಳು ಹೈಸ್ಕೂಲು ಮುಗಿಸುವ ಹೊತ್ತಿಗೆ ನನ್ನ ಮೈ ಭಾರವಾಗತೊಡಗಿತು. ಮಧ್ಯಾಹ್ನದ ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಬರೆಯಲು ಕೈ ಎತ್ತಿದರೆ ತೋಳಿಗೆ ಕಲ್ಲು ಕಟ್ಟಿದಂತೆ. ಬಾಚಣಿಗೆಯ ತುಂಬ ಕೂದಲು. ಮಕ್ಕಳು ಪದ್ಯ ಓದುತ್ತಿದ್ದಾಗ ಒಂದು ದಿನ ನಿಂತಲ್ಲೇ ನಿದ್ದೆ ಹೋಗಿ ಗೋಡೆಗೆ ತಲೆ ಹೊಡೆದುಕೊಂಡೆ. ಯಾದಗಿರಿಯ ಬಿಸಿಲಿನಲ್ಲಿ, ಫ್ಯಾನು ಹಾಕಬೇಡಿರೆಂದು ಸಹೋದ್ಯೋಗಿಗಳ ಜೊತೆ ಜಗಳ ಮಾಡಿದೆ. ಕೊನೆಗೆ ಗಂಡನೇ ಹಟಮಾಡಿ ಡಾಕ್ಟರರ ಬಳಿ ಕರೆದೊಯ್ದ.

ಡಾಕ್ಟರು ರಾಯಚೂರು ಕಡೆಯ ಹೆಣ್ಣುಮಗಳು, ನನ್ನ ವಯಸ್ಸಿನವರು. ಕುತ್ತಿಗೆ ಮುಟ್ಟಿ ನೋಡಿ ರಕ್ತ ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ಅದನ್ನು ಓದಿ ಬದಿಗಿಟ್ಟರು.

"ಗಂಟಲದಾಗಿನ ಥೈರಾಯಿಡ್ ಗ್ರಂಥಿ ಕೆಲಸ ಕಡಿಮಿ ಮಾಡಾಕತ್ತದ್ರಿ. ಅದಕ್ಕ ಕಾರಣ ಹೊರಗಿಂದಲ್ಲ. ಹೊರಗಿನ ರೋಗದ ಕೂಡ ಹೊಡದಾಡಬೇಕಾದ ನಿಮ್ಮ ಮೈಯಾಗಿನ ಕಾವಲು, ಈ ಗ್ರಂಥೀನ ಹೊರಗಿಂದು ಅಂತ ತಿಳಕೊಂಡು ತಾನ ಕೆಡಸಾಕತ್ತದ. ಮನ್ಯಾಗ ಯಾರಿಗರ ಇತ್ತೇನ್ರಿ?"

"ಇಲ್ರಿ," ಎಂದೆ. ಅಂದವಳಿಗೆ ಒಮ್ಮೆಲೇ ಅವ್ವನ ಬಾತ ರೆಪ್ಪೆಗಳು ಕಣ್ಣಮುಂದೆ ಬಂದವು. ಚಳಿ, ನಿದ್ದೆ, ಒಡೆದ ದನಿ, ಬದುವಿನ ಮೇಲಿನ ನಡುಕ. "ಅವ್ವ ಹಿಂಗ ಅದಾಳ್ರಿ. ಮೂವತ್ತು ವರ್ಷದಿಂದ ಹಿಂಗ ಅದಾಳ."

"ಮತ್ತ ಯಾರರ?"

"ಚಿಗವ್ವ ಒಬ್ಬಾಕಿಗೆ ಗಂಟಲ ಜಡ್ಡು ಇತ್ತಂತ. ಆದ್ರ ಅದು ಬ್ಯಾರೆ ಬಿಡ್ರಿ. ಆಕಿ ಪೂರಾ ಉಲ್ಟಾ. ಒಣಗಿದ್ಳು, ಮೈಯೆಲ್ಲ ಉರಿ, ಕೈ ನಡುಗೂದು, ಕಣ್ಣು ಹೊರಗ ಬಂದಿದ್ದುವು."

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

"ಬ್ಯಾರೆ ಅಲ್ರಿ ಅದು. ಎರಡೂ ಒಂದ ಮನಿ ಜಡ್ಡು."

ನನಗೆ ಕೇಳಿಸಿತು, ಒಳಗೆ ಇಳಿಯಲಿಲ್ಲ. ಅವರು ಮತ್ತೆ ಬಿಡಿಸಿ ಹೇಳಿದರು. ಮೈಯ ಕಾವಲು ದಾರಿ ತಪ್ಪಿದಾಗ ಕೆಲವರಲ್ಲಿ ಅದು ಗ್ರಂಥಿಯನ್ನು ಕೆಡಿಸುತ್ತದೆ, ಆಗ ಮೈ ತಣ್ಣಗಾಗಿ ಉಬ್ಬುತ್ತದೆ. ಕೆಲವರಲ್ಲಿ ಅದೇ ಕಾವಲು ಗ್ರಂಥಿಯನ್ನು ಹಗಲಿರುಳು ಚುಚ್ಚಿ ದುಡಿಸುತ್ತದೆ, ಆಗ ಮೈ ಉರಿದು ಒಣಗುತ್ತದೆ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬರಿಗೆ ಇದು, ಒಬ್ಬರಿಗೆ ಅದು ಬರಬಹುದು.

"ನೀವು ಕನ್ನಡ ಟೀಚರ್ ಅಂದ್ರಲ್ಲ," ಎಂದರು. "ನಮ್ಮ ಜೀನ್ಸ್ ಅಂದ್ರ ಅಕ್ಷರದಾಗ ಬರದ ದೊಡ್ಡ ಬರವಣಿಗಿ ಅನ್ಕೋರಿ. ಎಲ್ಲಾರದೂ ಬಹಳ ಮಟ್ಟಿಗೆ ಒಂದ ಇರ್ತದ. ಅಲ್ಲೊಂದು ಇಲ್ಲೊಂದು ಅಕ್ಷರ ಫರಕ್. ಅದು ತಪ್ಪಲ್ಲ, ಫರಕ್ ಅಷ್ಟ. ಅಂಥಾ ಒಂದರಿಂದ ಏನೂ ಆಗೂದಿಲ್ಲ. ಕೆಲವು ಮನಿತನದಾಗ ಅಂಥಾವು ಕೆಲವು ಒಂದ ಕಡೆ ಕೂಡಿ ಬಿಡ್ತಾವ. ಆಗ ಈ ಜಡ್ಡಿಗೆ ದಾರಿ ಸಲೀಸಾಗ್ತದ. ಜಡ್ಡ ಬರ್ತದ ಅಂತಲ್ಲ, ಬರೂ ಸಂಭವ ಜಾಸ್ತಿ. ಅದರ ಮ್ಯಾಲ ಹಡಿಯೂದು, ಬ್ಯಾರೆ ಜಡ್ಡು, ಮನಸಿಗೆ ಆಗೂ ಪೆಟ್ಟು, ಏನರ ಒಂದು ನೆಪ ಆಗ್ತದ. ಹೆಣ್ಣುಮಕ್ಕಳಿಗೇ ಹೆಚ್ಚು."

"ಕಾಲುವಿ ನೀರಿಂದ ಅಲ್ಲೇನ್ರಿ?"

"ಆ ನೀರು ಊರೆಲ್ಲ ಕುಡದದ ಅಲ್ರಿ?"

ಹೊರಗೆ ಬಂದ ಮೇಲೆ ಗಂಡ ಏನೋ ಕೇಳುತ್ತಿದ್ದ. ಸ್ಟೇಷನ್ ರಸ್ತೆಯಲ್ಲಿ ಆಟೋಗಳು, ಬಾಳೆಹಣ್ಣಿನ ಗಾಡಿಗಳು, ಜನ. ನನ್ನ ತಲೆಯಲ್ಲಿ ಒಂದೇ ಮಾತು ತಿರುಗುತ್ತಿತ್ತು. ಅಕ್ಕ ತಂಗಿಯ ಮಾಂಸ ತಿಂದಿರಲಿಲ್ಲ. ಇಬ್ಬರನ್ನೂ ಒಂದೇ ಜಡ್ಡು ತಿನ್ನುತ್ತಿತ್ತು. ಒಬ್ಬಳನ್ನು ಉಬ್ಬಿಸಿ, ಒಬ್ಬಳನ್ನು ಒಣಗಿಸಿ.

ಮರುದಿನವೇ ಅವ್ವನನ್ನು ಕರೆದೊಯ್ದೆ. ಅವಳ ರಕ್ತದ ವರದಿ ನೋಡಿ ಲ್ಯಾಬಿನವರು ಯಂತ್ರ ಕೆಟ್ಟಿರಬೇಕೆಂದು ಇನ್ನೊಮ್ಮೆ ರಕ್ತ ತೆಗೆದರು. ಯಂತ್ರ ಸರಿಯಾಗಿಯೇ ಇತ್ತು. "ಇವರು ಇಷ್ಟು ದಿನ ಓಡಾಡಿಕೊಂಡು ಹ್ಯಾಂಗ ಇದ್ರು?" ಎಂದು ಡಾಕ್ಟರು ನನ್ನನ್ನು ಕೇಳಿದರು. ನಾನು ಅವ್ವನ ಕಡೆ ತಿರುಗಿ, ನಿನಗೆ ಮೊದಲಿನಿಂದಲೂ ಜಡ್ಡು ಇತ್ತಂತೆ, ಅದರಿಂದಲೇ ಚಳಿ, ಅದರಿಂದಲೇ ಸುಸ್ತು ಎಂದು ಅವಳಿಗೆ ತಿಳಿಯುವ ಹಾಗೆ ಹೇಳಿದೆ. ಅವ್ವ ಎಂದಿನಂತೆ ಬಹಳ ಹೊತ್ತು ತೆಗೆದುಕೊಂಡಳು. ಆಮೇಲೆ ಕೇಳಿದಳು:

"ಹಂಗಾದ್ರ ನಾ ಮೈಗಳ್ಳಿ ಅಲ್ಲ?"

ಡಾಕ್ಟರು "ಅಲ್ಲವ್ವ" ಎಂದರು. ನನಗೆ ಅಳು ಬಂತು. ಅವ್ವ ಅಳಲಿಲ್ಲ. ಇನ್ನೊಮ್ಮೆ ಹೇಳಿರಿ ಎಂಬಂತೆ ಡಾಕ್ಟರರ ಬಾಯಿಯನ್ನೇ ನೋಡುತ್ತಿದ್ದಳು.

ಚಿಗವ್ವನಿಗೆ ಹೇಳಬೇಕು ಎಂದೆ. ಅವ್ವ ಬೇಡ ಎನ್ನಲಿಲ್ಲ, ಬರುತ್ತೇನೆ ಎಂದೂ ಅನ್ನಲಿಲ್ಲ. ಹಾಗಾಗಿ ಒಂದು ಭಾನುವಾರ ನಾನೊಬ್ಬಳೇ ಶಹಾಪುರದಲ್ಲಿ ಬಸ್ಸು ಬದಲಿಸಿ ಶಿರವಾಳಕ್ಕೆ ಹೋದೆ. ಆಯಿ ಸತ್ತ ಮೇಲೆ ನಾನು ಅಲ್ಲಿಗೆ ಹೋಗಿರಲಿಲ್ಲ. ಮಾವನ ಮನೆಯ ಹಿತ್ತಿಲಿನ ಒಂದು ಕೋಣೆಯಲ್ಲಿ ಚಿಗವ್ವ ಇದ್ದಾಳೆಂದು ಗೊತ್ತಿತ್ತು. ಸಣಕಲು ಮೈ, ಚುರುಕು ಕಾಲು, ಬಿಟ್ಟ ಕಣ್ಣು, ಆ ರೂಪವನ್ನೇ ಮನಸ್ಸಿನಲ್ಲಿಟ್ಟುಕೊಂಡು ಹಿತ್ತಿಲಿಗೆ ಹೋದೆ.

ಬಾಗಿಲ ಮುಂದೆ ಬಿಸಿಲಿನಲ್ಲಿ ನನ್ನ ಅವ್ವ ಕೂತಿದ್ದಳು.

ಅವ್ವನನ್ನು ಬೆಳಿಗ್ಗೆ ಯಾದಗಿರಿಯಲ್ಲಿ ಬಿಟ್ಟು ಬಂದಿದ್ದೆ. ಆದರೆ ಅವಳೇ. ಬಾತ ಮುಖ, ಉದುರಿದ ಹುಬ್ಬು, ಏಪ್ರಿಲ್ ಬಿಸಿಲಿನಲ್ಲಿ ಹೊದ್ದ ಶಾಲು, ತೊಡೆಯ ಮೇಲೆ ಬಿದ್ದ ದಪ್ಪ ಕೈಗಳು. ನನ್ನ ಕೈಯಲ್ಲಿದ್ದ ಹಣ್ಣಿನ ಚೀಲ ಕೆಳಗೆ ಬಿತ್ತು. ಆ ಸದ್ದಿಗೆ ಆಕೆ ನಿಧಾನವಾಗಿ ತಲೆ ಎತ್ತಿದಳು. ಕಣ್ಣುಗಳು ಮಾತ್ರ ಅವ್ವನವಲ್ಲ. ಹೊರಗೆ ಬಂದ ಆ ಕಣ್ಣುಗಳು ಹಾಗೆಯೇ ಉಳಿದಿದ್ದವು.

"ಯಾರವ್ವ?" ಎಂದಳು, ಅವ್ವನದೇ ಗೊಗ್ಗರು ದನಿಯಲ್ಲಿ.

ಯಾರೆಂದು ಹೇಳಿದೆ. ಆಕೆಗೆ ಗುರುತು ಹತ್ತಲು ಸ್ವಲ್ಪ ಸಮಯ ಬೇಕಾಯಿತು. ಆಮೇಲೆ ಬದಿಗೆ ಸರಿದು ಕೂರಲು ಜಾಗ ಮಾಡಿಕೊಟ್ಟಳು. ಉರಿಯುತ್ತಿದ್ದ ಗ್ರಂಥಿ ವರ್ಷಗಳು ಕಳೆದಂತೆ ಕೆಲವರಲ್ಲಿ ತಾನೇ ಸೋತು ತಣ್ಣಗಾಗುತ್ತದೆ ಎಂದು ಆಮೇಲೆ ಡಾಕ್ಟರು ಹೇಳಿದರು. ಆ ಕ್ಷಣದಲ್ಲಿ ನನಗೆ ಅದೇನೂ ಗೊತ್ತಿರಲಿಲ್ಲ. ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಗಿ ಕಂಡಕಂಡ ಹಾಗೆ ಹೇಳಿದೆ. ಅವ್ವನಿಗೂ ಜಡ್ಡು, ನನಗೂ ಅದೇ, ನಿನ್ನದೂ ಅದೇ, ಯಾರೂ ಯಾರಿಂದಲೂ ಏನನ್ನೂ ತೆಗೆದುಕೊಂಡಿಲ್ಲ, ಇದು ನಮ್ಮ ಮನೆತನದ ರಕ್ತದಲ್ಲಿ ಬಂದದ್ದು.

ಚಿಗವ್ವ ಕೇಳಿಸಿಕೊಂಡಳು. ತನ್ನ ದಪ್ಪ ಬೆರಳುಗಳನ್ನು ತಿರುಗಿಸಿ ನೋಡಿಕೊಂಡಳು.

"ಈಗ ನಾನೂ ಉಬ್ಬೀನಲ್ಲ," ಎಂದಳು. "ನಾ ಯಾರ ಮಾಂಸ ತಿಂದೀನಿ ಅಂತ ಯಾರೂ ಕೇಳಲಿಲ್ಲ ನೋಡು. ಕೇಳಾಕ ಯಾರೂ ಹತ್ರ ಉಳದಿಲ್ಲ."

"ಚಿಗವ್ವ, ಅವತ್ತು ನೀನು ಹೋದ ಮ್ಯಾಲ ಅವ್ವ ಹೇಳಿದ್ಳು. ನಾ ಏನೂ ತಗೊಂಡಿಲ್ಲ ತಂಗಿ ಅಂತ. ನಿನಗ ಕೇಳಸಲಿಲ್ಲ."

ಆಕೆ ಶಾಲಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದಳು. ಆಮೇಲೆ "ನಾ ನಿಂದ್ರಬೇಕಾಗಿತ್ತು," ಎಂದಳು. "ಜರಾ ನಿಂತಿದ್ರ ಕೇಳಸ್ತಿತ್ತು. ಆದ್ರ ಆಗ ನನಗ ಎಲ್ಲ್ಯೂ ನಿಂದ್ರಾಕ ಆಗ್ತಿರಲಿಲ್ಲವಾ."

ಅಕ್ಕತಂಗಿಯರು ಭೇಟಿಯಾದದ್ದು ಯಾದಗಿರಿಯಲ್ಲಿ, ಡಾಕ್ಟರರ ಕೋಣೆಯ ಹೊರಗಿನ ಬೆಂಚಿನ ಮೇಲೆ. ಮಾವ ಚಿಗವ್ವನನ್ನು ಕರೆತಂದಿದ್ದ. ಅವ್ವ ಮೊದಲೇ ಬಂದು ಕೂತಿದ್ದಳು. ತಂಗಿ ಬಾಗಿಲಲ್ಲಿ ಕಂಡಾಗ ಅವ್ವ ಎದ್ದು ನಿಂತಳು. ಒಬ್ಬರನ್ನೊಬ್ಬರು ನೋಡಿ ಇಬ್ಬರೂ ಬೆಚ್ಚಿದರು, ಗಳಿಗೆಗೆ ಕನ್ನಡಿಯನ್ನು ನೋಡಿದಂತಾಗಿರಬೇಕು. ಬೆಂಚಿನ ಮೇಲಿದ್ದವರೆಲ್ಲ ಇಬ್ಬರನ್ನೂ ನೋಡುತ್ತಿದ್ದರು.

"ಇಷ್ಟ್ಯಾಕ ದಪ್ಪಗಾಗೀದಿ?" ಅವ್ವ ಕೇಳಿದಳು.

"ನೀ ಕೊಟ್ಟದ್ದಲ್ಲ ಬಿಡು," ಚಿಗವ್ವ ಅಂದಳು.

ಯಾರು ಮೊದಲು ಅತ್ತರೋ ತಿಳಿಯಲಿಲ್ಲ. ಅವ್ವ ತನ್ನ ಶಾಲಿನ ಅರ್ಧವನ್ನು ತಂಗಿಯ ಮೇಲೆ ಹಾಕಿದಳು. ಆಕೆ ಆಗಲೇ ಒಂದು ಶಾಲು ಹೊದ್ದಿದ್ದಳು.

ಅವ್ವನಿಗೆ ಆಗಲೇ ಶುರುವಾಗಿದ್ದ ಗುಳಿಗೆಯನ್ನೇ ಡಾಕ್ಟರು ಚಿಗವ್ವನಿಗೂ ಬರೆದರು. ಚಿಗವ್ವನ ಎದೆ ಬಹಳ ವರ್ಷ ದಣಿದದ್ದೆಂದು ಆಕೆಗೆ ಸಣ್ಣ ಪ್ರಮಾಣದಿಂದ ಶುರು ಮಾಡಿದರು. ಆಮೇಲೆ ನನ್ನ ಮಗಳ ಕಡೆ ತಿರುಗಿದರು. ಅವಳು ಆಗ ಶಹಾಪುರದಲ್ಲಿ ಕಾಲೇಜು ಓದುತ್ತಿದ್ದಳು, ಅಂದು ಅಜ್ಜಿಯರ ಜೊತೆಗೆಂದು ಬಂದಿದ್ದಳು. ಆಕೆಯದೂ ಒಮ್ಮೆ ರಕ್ತ ನೋಡೋಣ ಎಂದರು.

ಸಂಜೆಗೆ ವರದಿ ಬಂತು. ಮಗಳ ಗ್ರಂಥಿ ಸರಿಯಾಗಿ ಕೆಲಸ ಮಾಡುತ್ತಿತ್ತು. ಆದರೆ ಗ್ರಂಥಿಯ ಮೇಲೆ ತಿರುಗಿಬೀಳುವ ಪ್ರತಿಕಾಯ, ಅಂದರೆ ಆ ದಾರಿ ತಪ್ಪಿದ ಕಾವಲಿನ ಗುರುತು, ಅವಳ ರಕ್ತದಲ್ಲಿ ಆಗಲೇ ಇತ್ತು. ಹುಡುಗಿಗೆ ಏನೂ ಆಗಿರಲಿಲ್ಲ. ಹಿಂದಿನ ದಿನ ಕಬಡ್ಡಿ ಆಡಿ ಬಂದಿದ್ದಳು. ವರದಿಯನ್ನು ನನ್ನ ಕೈಯಿಂದ ಕಸಿದುಕೊಂಡು ಓದಿದಳು.

"ಮೇಡಂ, ಜೀನ್ಸ್ ಟೆಸ್ಟ್ ಮಾಡಿಸಿದ್ರ ನನಗ ಬರ್ತದೋ ಇಲ್ಲೋ ತಿಳೀತದೇನ್ರಿ? ಬಂದ್ರ ಅಜ್ಜಿದು ಬರ್ತದೋ ಸಣ್ಣಜ್ಜಿದು ಬರ್ತದೋ?"

"ಅಷ್ಟು ಖಚಿತ ಹೇಳಾಕ ಆಗೂದಿಲ್ಲವ್ವ," ಡಾಕ್ಟರು ಹೇಳಿದರು. "ಆ ಫರಕ್ ಇದ್ದ ಎಷ್ಟೋ ಮಂದಿಗೆ ಜನ್ಮದಾಗ ಜಡ್ಡು ಬರೂದಿಲ್ಲ. ನಿನಗೂ ಬರಲಿಕ್ಕಿಲ್ಲ. ವರ್ಷಕ್ಕೊಮ್ಮೆ ರಕ್ತ ತೋರಿಸು. ಮುಂದ ಬಸಿರಾದಾಗ ಮರೀದ ಮೊದಲ ಹೇಳು. ಅಷ್ಟು ಸಾಕು."

ನಾನೇ ಇದನ್ನು ಮಗಳಿಗೆ ಕೊಟ್ಟೆ ಎಂಬ ಯೋಚನೆಯಲ್ಲಿ ನಾನು ಗರಬಡಿದಂತೆ ಕೂತಿದ್ದೆ. ಅವ್ವ ನನ್ನ ಮುಖ ನೋಡಿ ತಾನೂ ಅದನ್ನೇ ಯೋಚಿಸುತ್ತಿದ್ದವಳಂತೆ ತಲೆ ತಗ್ಗಿಸಿದಳು. ಚಿಗವ್ವ ಒಬ್ಬಳೇ ನಕ್ಕಳು.

"ನಮ್ಮವ್ವ ಬಂಗಾರ ಹಂಚಲಿಲ್ಲ, ಹೊಲ ಹಂಚಲಿಲ್ಲ. ಇದೊಂದನ್ನ ಮಾತ್ರ ಹೆಣ್ಣುಮಕ್ಕಳಿಗೆ ಕೈ ತಡೀಲಾರದ ಕೊಟ್ಟು ಹೋಗ್ಯಾಳ ನೋಡ್ರಿ!"

ಡಾಕ್ಟರಿಗೂ ನಗು ಬಂತು. ಮಗಳು ಸಣ್ಣಜ್ಜಿಯ ಹೆಗಲಿಗೆ ತಲೆ ಆನಿಸಿದಳು. ಏಳುವ ಹೊತ್ತಿಗೆ ಅವ್ವ ಗುಳಿಗೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟು ಕೇಳಿದಳು.

"ಈ ಗುಳಿಗಿ ಈಗೀಗ ಬಂದದ್ದೇನ್ರಿ?"

"ಇಲ್ಲವ್ವ, ಬಹಳ ಹಳೀದು."

"ನನ್ನ ಲಗ್ನ ಆದಾಗ ಇತ್ತೇನ್ರಿ?"

ಡಾಕ್ಟರು ನನ್ನ ಕಡೆ ನೋಡಿದರು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಇತ್ತವ್ವ."

"ನಮ್ಮ ತಂಗಿದು?"

"ಅವರಿಗೆ ಆಗ ಬೇಕಾಗಿದ್ದ ಔಷಧನೂ ಇತ್ತು."

ಚಿಗವ್ವನ ನಗು ಮುಖದ ಮೇಲೆಯೇ ನಿಂತುಬಿಟ್ಟಿತ್ತು. ಹೋದ ಬಸಿರುಗಳು, ಕೈಬಿಟ್ಟ ಗಂಡ, ಮಾತಿಲ್ಲದೆ ಕಳೆದ ವರ್ಷಗಳು, ಎಲ್ಲದಕ್ಕೂ ಆಗಲೇ ಔಷಧವಿತ್ತು. ಊರಲ್ಲಿ ಕಾಲುವೆ ಹರಿಯುತ್ತಿತ್ತು, ಬಸ್ಸು ಓಡಾಡುತ್ತಿತ್ತು. ಆ ಗುಳಿಗೆಯೊಂದು ಮಾತ್ರ ಅವ್ವನವರೆಗೆ ಬರಲೇ ಇಲ್ಲ, ಚಿಗವ್ವನಿಗೆ ತಡವಾಗಿ ಬಂದು ನಡುವೆಯೇ ನಿಂತಿತ್ತು.

ಅಂದು ಚಿಗವ್ವ ಶಿರವಾಳಕ್ಕೆ ಹೋಗಲಿಲ್ಲ, ನಮ್ಮ ಮನೆಗೆ ಬಂದಳು. ಇಬ್ಬರೂ ಈಗ ಒಂದೇ ಕೋಣೆಯಲ್ಲಿದ್ದಾರೆ. ಮೈ ಇಳಿದಿದೆ, ಶಾಲು ಮಳೆಗಾಲಕ್ಕಷ್ಟೇ ಹೊರಗೆ ಬರುತ್ತದೆ. ಎಲ್ಲ ಸರಿಹೋಯಿತು ಎನ್ನಲಾರೆ. ಸಣ್ಣ ಮಾತಿಗೆ ಜಗಳವಾಡುತ್ತಾರೆ, ಹಳೆಯದನ್ನು ತೆಗೆಯುತ್ತಾರೆ. ಚಿಗವ್ವನ ಕಣ್ಣುಗಳು ಮೊದಲಿನಂತಾಗಲಿಲ್ಲ, ಆಗುವುದೂ ಇಲ್ಲವಂತೆ. ಅವ್ವ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಗುಳಿಗೆ ನುಂಗುವ ಮುನ್ನ ಅದನ್ನು ಅಂಗೈಯಲ್ಲಿಟ್ಟುಕೊಂಡು ಒಂದು ಗಳಿಗೆ ನೋಡುತ್ತಾಳೆ. ಹುರುಳಿಕಾಳಿಗಿಂತ ಸಣ್ಣದು. "ಇಷ್ಟ ಸಾಕಾಗಿತ್ತೇನ?" ಎನ್ನುತ್ತಾಳೆ. ನಾನು ನೀರಿನ ಲೋಟ ಕೊಡುತ್ತೇನೆ.